ಅಣ್ಣನ ಎಂಜಿನ್ನಿನ ಗಾಳಿ

ಶಿಳ್ಳೆ, ನಾಲ್ಕನೇ ಕೊಳವೆಯಲ್ಲಿ ಸಣ್ಣಗೆ ಶಿಳ್ಳೆ, ಸಂದಿಗೆ ಮೆತ್ತಿದ ಜೇಡಿ ಎಲ್ಲೋ ಸರಿಯಾಗಿ ಕೂತಿಲ್ಲ, ಹೆಬ್ಬೆರಳಿನಿಂದ ಒತ್ತುತ್ತೇನೆ, ಒತ್ತಿದೊಡನೆ ಶಿಳ್ಳೆ ನಿಂತು ಬರೀ ಉಸಿರು ಉಳಿಯುತ್ತದೆ, ಗಾಳಿ ಅಳೆಯುವ ಬೆಂಚಿನ ಹೊಟ್ಟೆಯೊಳಗಿನ ಮೋಟರು ಎಳೆಯುವ ಉಸಿರು, ಎಳೆಯುವುದೊಂದೇ ಗೊತ್ತು ಇದಕ್ಕೆ, ಮನುಷ್ಯರಾದರೆ ಒಮ್ಮೆಯಾದರೂ ಬಿಡುತ್ತಿದ್ದರು — ಗಾಳಿ ಎಷ್ಟು ಹರಿಯುತ್ತದೆಂದು ತೋರಿಸುವ ಗಾಜಿನ ನಳಿಕೆಯಲ್ಲಿ ಕೆಂಪು ನೀರು ಏರಿತು, ನಡುಗಿತು, ನಿಂತಿತು, ಸರಿ, ಹೊಸ ಮ್ಯಾನಿಫೋಲ್ಡಿನದು ಮುಗಿಯಿತು, ಇನ್ನು ಅಣ್ಣನದು. ಅಣ್ಣನದು ಹಳೇ ಬೆಡ್‌ಶೀಟಿನ ಮೇಲೆ ಮಲಗಿದೆ, ಅತ್ತಿಗೆ ಅದನ್ನು ನಿದ್ದೆ ಹೋದ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು, ಶೆಡ್ಡಿನಲ್ಲಿ ನಿಂತಿದ್ದ ಕಾರನ್ನು ಗುಜರಿಯವನು ಎಳೆದುಕೊಂಡು ಹೋಗುವ ಮುಂಚೆ ಇದೊಂದನ್ನು ಬಿಚ್ಚಿಸಿಕೊಂಡರಂತೆ. ಎರಡೂ ಒಂದೇ ಮಾದರಿಯ ಟರ್ಬೊ ಡೀಸೆಲ್ ಕಾರಿನವು, ಎಂಜಿನ್ನಿಗೆ ಗಾಳಿ ಹಂಚುವ ಅದೇ ಅಲ್ಯುಮಿನಿಯಂ ಕವಲು, ಒಂದು ಬಾಯಿ, ನಾಲ್ಕು ಕೊಳವೆ, ಒಂದು ಅಂಗಡಿಯಿಂದ ಬಂದದ್ದು, ಇನ್ನೊಂದು ಸಾವಿನ ಮನೆಯಿಂದ. ಬಾಗಿಲ ಬಳಿ ಸ್ಟೂಲಿನ ಮೇಲೆ ಅತ್ತಿಗೆ ಕೂತಿದ್ದಾರೆ, ಆ ಕಡೆ ನೋಡಬಾರದು, ಬೆಳಿಗ್ಗೆ ಅವರು ಕೇಳಿದ್ದು ಇಷ್ಟೇ, ದಿನಾ ಗಾಳಿ ಅಳೆಯೋಳು ನೀನು, ಇದನ್ನೂ ಅಳೆದು ಹೇಳು, ನಾನು ಕೀ ತಿರುಗಿಸಿದ್ರೆ ಎಂಜಿನ್ನು ನಿಲ್ಲಬೇಕಿತ್ತಾ, ಹೌದು ಅಂದ್ರೂ ಪರವಾಗಿಲ್ಲ ಕಣೇ, ನಂಗೆ ಗೊತ್ತಾಗಬೇಕು ಅಷ್ಟೇ.

ಗೊತ್ತಾಗಬೇಕು, ಯಾರಿಗೆ ಏನು ಗೊತ್ತಿದೆ — ಅಂದು ರಜೆ, ಮನೆಯ ಪಕ್ಕದ ಶೆಡ್ಡಿನಲ್ಲಿ ಅಣ್ಣ ಬಾನೆಟ್ ಎತ್ತಿ ನಿಂತಿದ್ದಾನೆ, ಅತ್ತಿಗೆಯನ್ನು ಸೀಟಿನಲ್ಲಿ ಕೂರಿಸಿ ಸ್ವಲ್ಪ ಅಕ್ಸಿಲರೇಟರ್ ಕೊಡು ಅಂದಿದ್ದಾನೆ, ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊದ ಸೀಲು ಒಡೆದು ಎಣ್ಣೆ ಗಾಳಿಯ ದಾರಿಗೆ ನುಗ್ಗಿದೆ, ಆಮೇಲೆ ಎಂಜಿನ್ನಿಗೆ ಡೀಸೆಲ್ ಬೇಕಾಗಲೇ ಇಲ್ಲ, ತನ್ನ ಎಣ್ಣೆಯನ್ನೇ ತಾನು ಕುಡಿದು ಅರಚತೊಡಗಿತು, ಶೆಡ್ಡೆಲ್ಲ ಬಿಳಿ ಹೊಗೆ, ಕೊನೆಗೆ ಎಂಜಿನ್ನಿನ ಪಕ್ಕೆ ಒಡೆದು ಹಾರಿದ ಕಬ್ಬಿಣದ ತುಂಡು ಅಣ್ಣನ ಎದೆಗೆ — ಅಷ್ಟು ಎಲ್ಲರಿಗೂ ಗೊತ್ತು. ವಾರ ಕಳೆದ ಮೇಲೆ ವಿಮೆಯವನು ಬಂದ, ಶೆಡ್ಡಿನ ಬಾಗಿಲಲ್ಲೇ ನಿಂತು ಒಳಗೆ ಇಣುಕಿದ, ಕರವಸ್ತ್ರ ಮೂಗಿಗೆ, ಈ ಮಾದರೀಲಿ ಗಾಳಿ ಹೋಗೋ ಬಾಯಿಗೆ ಒಂದು ತಟ್ಟೆ ಇರುತ್ತಮ್ಮಾ, ಕೀ ತೆಗೆದ ತಕ್ಷಣ ಮುಚ್ಕೊಳ್ಳುತ್ತೆ, ಗಾಳಿ ಇಲ್ದೆ ಯಾವ ಎಂಜಿನ್ನೂ ಓಡಲ್ಲ, ಕೀ ತೆಗೆದಿದ್ರೆ ನಿಲ್ಲಲೇಬೇಕಿತ್ತು. ಹೇಳಿ ಅವನು ಹೋದ, ಅವನ ಮಾತು ಮನೆಯಲ್ಲೇ ಉಳಿಯಿತು. ಅಮ್ಮ ಅದನ್ನೇ ಹಿಡಿದುಕೊಂಡಳು, ಇವಳು ಕೀ ಮುಟ್ಟೇ ಇಲ್ಲ, ಗಾಬರೀಲಿ ಕಾಲು ಒತ್ಕೊಂಡು ಕೂತಿದ್ದಾಳೆ. ತಿರುಗಿಸಿದೆ ಅತ್ತೆ, ಅಂದರು ಅತ್ತಿಗೆ, ಕೀ ನನ್ನ ಕೈಲೇ ಇತ್ತು, ಇವರೇ ಇಳಿದು ಓಡು ಅಂದ್ರು, ಓಡಿದೆ. ಓಡಿದೆಯಲ್ಲ, ಅಂದಳು ಅಮ್ಮ. ಅಲ್ಲಿಗೆ ಮುಗಿಯಿತು, ಒಂದೇ ಸೂರಿನ ಕೆಳಗೆ ಇಬ್ಬರು ಹೆಂಗಸರು, ಒಬ್ಬರು ಬಂದರೆ ಇನ್ನೊಬ್ಬರು ಅಡುಗೆಮನೆಯಿಂದ ಹೊರಗೆ, ನಾನು ಹೋದಾಗಲೆಲ್ಲ ಇಬ್ಬರೂ ನನ್ನ ಮೂಲಕವೇ ಮಾತಾಡುತ್ತಾರೆ, ಗ್ಯಾಸ್ ಮುಗಿದಿದೆ ಅಂತ ಹೇಳು, ಹೇಳು ತಂದಾಯ್ತು ಅಂತ.

ಅಣ್ಣನದರ ಬೋಲ್ಟು ಬಿಗಿಯಾಯಿತು, ಸುತ್ತ ಜೇಡಿ, ಬೇರೆ ಮೂರು ಕೊಳವೆಗೂ ಬಿರಡೆ. ಒಳಗೆ ಬೆರಳಾಡಿಸಿದರೆ ಮಸಿಯ ಕೆಳಗೆ ನುಣುಪು, ಎಷ್ಟು ನುಣುಪು, ಸ್ಟೀಲ್ ಲೋಟದ ಒಳಮೈಯ ಹಾಗೆ, ಎಷ್ಟು ಭಾನುವಾರ ಕೂತು ಉಜ್ಜಿದ್ದನೋ, ಕಾರಿಗೂ ಮೂಗು ಕಟ್ಟುತ್ತೆ ಕಣೇ ಮೀಟರಮ್ಮ, ಬಿಡಿಸಿ ನೋಡು ಹ್ಯಾಗೆ ಓಡುತ್ತೆ, ಅವನಿಗೆ ನಾನು ಯಾವತ್ತೂ ಮೀಟರಮ್ಮನೇ, ಅಳೆದ ಮೇಲೆ ನಂಬ್ತೀನಿ ಹೋಗೋ ಅಂದರೆ ತಂದು ಕೊಡ್ತೀನಿ ಇರು, ನಿನ್ನ ಬೆಂಚೇ ನಾಚ್ಕೋಬೇಕು ಅನ್ನುತ್ತಿದ್ದ — ತಂದು ಕೊಟ್ಟ ಹಾಗಾಯಿತಲ್ಲೋ. ಮೋಟರು ಎಳೆಯುತ್ತದೆ, ಕೆಂಪು ನೀರು ಏರುತ್ತದೆ, ಹೊಸದರ ಗುರುತು ದಾಟಿ ಮೇಲೆ, ಮೊದಲನೆಯದು ಹೆಚ್ಚು, ಎರಡನೆಯದು ಹೆಚ್ಚು, ಮೂರನೆಯದೂ, ಕೊನೆಯದಕ್ಕೆ ಕಂಪನಿಯ ಮಾಲಿನಲ್ಲಿ ಯಾವಾಗಲೂ ಪಾಲು ಕಮ್ಮಿ, ಅವನದರಲ್ಲಿ ಅದಕ್ಕೂ ಸಮಪಾಲು, ಶಭಾಷ್ ಕಣೋ, ಗೆದ್ದೆ ಅಂತ ತಿರುಗಿಬಿಟ್ಟೆ, ತಿರುಗಿದರೆ ಸ್ಟೂಲಿನ ಮೇಲೆ ಅತ್ತಿಗೆ, ನನ್ನ ನಗು ನೋಡಿ ಅವರ ಮುಖ ಬಿಳಿಚಿಕೊಂಡಿತು. ಅಲ್ಲ, ಆದರೆ ಇಷ್ಟು ಹೆಚ್ಚು ಹೇಗೆ, ನಾಲ್ಕರಲ್ಲೂ ಇಷ್ಟು ಹೆಚ್ಚು, ಬರೀ ಉಜ್ಜಿದ್ದಕ್ಕೆ ಇಷ್ಟು ಬರುವುದಿಲ್ಲ, ನಾಲ್ಕೂ ಸೇರುವ ಕಡೆ ಏನೋ, ಬಾಯಲ್ಲಿ ಏನೋ — ಟಾರ್ಚ್ ಹಿಡಿದು ನೋಡುತ್ತೇನೆ, ಬಾಯಲ್ಲಿ ಏನೂ ಇಲ್ಲ, ಏನೂ ಇಲ್ಲ, ತಟ್ಟೆ ಇಲ್ಲ. ಗಾಳಿಗೆ ಅಡ್ಡ ಅಂತ ಅದನ್ನೇ ತೆಗೆದು, ತಟ್ಟೆಯ ಸರಳು ಕೂರುವ ಎರಡು ತೂತಿಗೂ ಲೋಹ ತುಂಬಿ, ಅರ ಹಾಕಿ, ಸಮ ಮಾಡಿದ್ದಾನೆ, ಮುಟ್ಟಿದರೂ ತಿಳಿಯದಷ್ಟು ಸಮ, ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವನಲ್ಲ. ಹೊಸದನ್ನು ಮತ್ತೆ ಕೂರಿಸಿ ಅದರ ತಟ್ಟೆಯನ್ನು ಬೆರಳಿನಿಂದ ಮುಚ್ಚಿದೆ, ಕೆಂಪು ನೀರು ದಡಕ್ಕನೆ ತಳಕ್ಕೆ ಇಳಿಯಿತು. ಮತ್ತೆ ಅವನದು, ನೀರು ಮೇಲೆ, ಮುಚ್ಚುವುದಕ್ಕೆ ಏನೂ ಇಲ್ಲ, ಗಾಳಿ ಹೋಗುತ್ತಲೇ ಇದೆ, ಹೋಗುತ್ತಲೇ ಇದೆ, ನಿಲ್ಲಿಸಿ ಯಾರಾದರೂ, ಏನು ಮಾಡುತ್ತಿದ್ದೇನೆಂದು ತಿಳಿಯುವ ಮುಂಚೆ ನನ್ನ ಬಲಗೈ ಆ ಬಾಯಿಯ ಮೇಲಿತ್ತು.

ಎಳೆಯಿತು, ಚರ್ಮವನ್ನು ಒಳಕ್ಕೆ ಕಚ್ಚಿ ಎಳೆಯಿತು, ಮೋಟರು ಮುಲುಗಿತು, ನೀರು ಇಳಿಯಿತು, ಕಿತ್ತುಕೊಂಡಾಗ ಅಂಗೈ ಮೇಲೆ ಕೆಂಪು ಬಳೆ, ದುಂಡನೆಯ ಬರೆ — ಅದನ್ನು ನೋಡಿದ್ದೇನೆ, ಆಸ್ಪತ್ರೆಯಲ್ಲಿ, ಬಿಳಿ ಹೊದಿಕೆಯ ಪಕ್ಕಕ್ಕೆ ಜಾರಿದ್ದ ಅವನ ಬಲಗೈ, ಅಂಗೈ ಮೇಲ್ಮುಖವಾಗಿ, ಅದರ ಮೇಲೆ ನೇರಳೆ ಬಣ್ಣದ ಬಳೆ, ಎಲ್ಲರೂ ಎದೆಯನ್ನು ನೋಡುತ್ತಿದ್ದರು, ಕೈಯ ಮಾತು ಯಾರೂ ಎತ್ತಲಿಲ್ಲ, ಬಿಸಿ ಪೈಪ್ ತಗುಲಿರಬೇಕು ಅಂದುಕೊಂಡೆ. ಅವನಿಗೆ ಗೊತ್ತಿತ್ತು. ಕೀಯಿಂದ ನಿಲ್ಲುವುದಿಲ್ಲ ಅಂತ ಅವನೊಬ್ಬನಿಗೇ ಗೊತ್ತಿತ್ತು, ತಟ್ಟೆ ತೆಗೆದವನು ಅವನೇ, ಅದಕ್ಕೇ ಕೀ ತಿರುಗಿಸು ಅನ್ನಲಿಲ್ಲ, ಇಳಿದು ಓಡು ಅಂದ, ಆ ಬಾಯಿಗೆ ಸೇರಿದ್ದ ರಬ್ಬರ್ ಪೈಪ್ ಕಿತ್ತು, ಅಂಗೈ ಒತ್ತಿ, ತಾನೇ ತಟ್ಟೆಯಾಗಿ ನಿಂತ. ಮೋಟರು ಆರಿಸಿದೆ. ಅತ್ತಿಗೇ, ಇದರಲ್ಲಿ ತಟ್ಟೆ ಇರಲೇ ಇಲ್ಲ, ಅಣ್ಣನೇ ತೆಗೆದಿದ್ದಾನೆ, ನೀವು ಕೀ ತಿರುಗಿಸಿದ್ರೂ ನಿಲ್ತಿರಲಿಲ್ಲ, ತಿರುಗಿಸದಿದ್ರೂ ನಿಲ್ತಿರಲಿಲ್ಲ. ತಿರುಗಿಸಿದ್ದೆ ಅಲ್ವಾ, ಅಂದರು ಅತ್ತಿಗೆ, ನನ್ನನ್ನಲ್ಲ, ತಮ್ಮನ್ನೇ ಕೇಳಿಕೊಂಡ ಹಾಗೆ, ಇತ್ತೀಚೆಗೆ ನಂಗೇ ಅನುಮಾನ ಬಂದಿತ್ತು ಕಣೇ. ಆಮೇಲೆ ಅಂದರು, ನಾನು ಶೆಡ್ಡಿನ ಬಾಗಿಲು ದಾಟೋವಾಗ ಎಂಜಿನ್ನಿನ ಸದ್ದು ಇಳೀತಾ ಇತ್ತು, ನಿಂತೇಹೋಯ್ತು ಅಂದ್ಕೊಂಡೆ, ಆಗಲೇ ಸಿಡೀತು. ಅಮ್ಮನಿಗೆ ಫೋನ್ ಮಾಡಿದೆ, ಮಾಡಲೇಬೇಕು, ಈಗ ಮಾಡದಿದ್ದರೆ ಮನೆಗೆ ಹೋಗುವಷ್ಟರಲ್ಲಿ ಧೈರ್ಯ ಕರಗುತ್ತದೆ, ಎಲ್ಲ ಹೇಳಿದೆ, ತಟ್ಟೆ, ತೂತು, ಅಂಗೈ. ಸತ್ತವನ ಮೇಲೆ ಹಾಕ್ತೀಯೇನೇ, ಅಂದಳು ಅಮ್ಮ. ಹಾಕ್ತಿಲ್ಲಮ್ಮಾ, ಅವನೇ ನಿಂತು ತಡೆದಿದ್ದಾನೆ. ಅಲ್ಲಿ ಕುಕ್ಕರ್ ಕೂಗಿ ಕೂಗಿ ಸುಮ್ಮನಾಯಿತು, ಆಮೇಲೆ, ಅಲ್ಲೇ ಇದ್ದಾಳಾ ಅವಳು, ಕೊಡು. ಅತ್ತಿಗೆ ಫೋನನ್ನು ಎರಡೂ ಕೈಯಲ್ಲಿ ಹಿಡಿದರು, ಅಮ್ಮನ ಮಾತು ನನಗೂ ಕೇಳುತ್ತಿದೆ, ಕೊನೇಲಿ ನಿಂಗೆ ಏನಂದ ಅವನು, ಸರಿಯಾಗಿ ಹೇಳು. ಇಳಿದು ಓಡು ಅಂದ್ರು ಅತ್ತೆ. ಇನ್ನೊಂದ್ಸಲ ಹೇಳು. ಇಳಿದು ಓಡು ಅಂದ್ರು. ಅತ್ತಿಗೆ ಅಳುತ್ತಿದ್ದಾರೆ, ಅಲ್ಲಿ ಅಮ್ಮನೂ, ನಾನು ಜೇಡಿ ಕೆರೆಯಬೇಕು, ಬೋಲ್ಟು ಬಿಚ್ಚಬೇಕು, ಸ್ಪ್ಯಾನರ್ ಹಿಡಿಯಲು ಕೈ ಚಾಚುತ್ತೇನೆ, ಅಂಗೈ ತೆರೆದುಕೊಳ್ಳುತ್ತದೆ, ಬಳೆ ಇನ್ನೂ ಮಾಸಿಲ್ಲ, ಕೆಂಪಗಿದ್ದದ್ದು ನೇರಳೆಗೆ ತಿರುಗುತ್ತಿದೆ, ಹೊದಿಕೆಯಿಂದ ಜಾರಿದ ಕೈ, ಮೇಲ್ಮುಖವಾದ ಅಂಗೈ, ದುಂಡಗೆ, ನೇರಳೆ, ಅಂಗೈ —