ಒಂದೇ ಥರದ ಮೂರು ತಪ್ಪು

ಹಾವೇರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಸುಚಿತ್ರಾಗೆ ಉತ್ತರಪತ್ರಿಕೆ ತಿದ್ದಿ ತಿದ್ದಿ ಒಂದು ಗುಣ ಅಂಟಿಕೊಂಡಿತ್ತು: ಯಾರು ಯಾರದನ್ನು ನೋಡಿ ಬರೆದಿದ್ದಾರೆಂಬುದು ತಾನಾಗಿ ಕಣ್ಣಿಗೆ ಬೀಳುತ್ತಿತ್ತು. ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವ ಹ್ಯಾಮ್ ರೇಡಿಯೋ ಬಳಗದವರು ತಮ್ಮ ವಾರ್ಷಿಕ ಸ್ಪರ್ಧೆಯ ತೀರ್ಪನ್ನು ಅವಳಿಗೆ ಒಪ್ಪಿಸಿದ್ದು ಅದಕ್ಕೇ ಇರಬೇಕು. ಆರು ತಾಸಿನಲ್ಲಿ ರೇಡಿಯೋದ ಮೇಲೆ ಹೆಚ್ಚು ಜನರನ್ನು ಹಿಡಿದು ಮಾತಾಡಿದವರು ಗೆದ್ದಂತೆ. ಪ್ರತಿ ಸಲವೂ ಇಬ್ಬರೂ ಪರವಾನಗಿಯ ಜೊತೆ ಸಿಕ್ಕ ಅಕ್ಷರ-ಅಂಕಿಯ ತಮ್ಮ ಕರೆಹೆಸರನ್ನೂ, ಇದು ತಮ್ಮ ಎಷ್ಟನೆಯ ಸಂಪರ್ಕ ಎಂಬ ಸಂಖ್ಯೆಯನ್ನೂ ಹೇಳಿ ಬರೆದುಕೊಳ್ಳಬೇಕು. ಆ ಪಟ್ಟಿಗೆ ಲಾಗ್ ಎನ್ನುತ್ತಾರೆ.

ಇಷ್ಟು ವರ್ಷ ಒಬ್ಬರದು ನೋಟ್‌ಬುಕ್ಕು, ಒಬ್ಬರದು ಎಕ್ಸೆಲ್, ಇನ್ನೊಬ್ಬರದು ಮೊಬೈಲಿನಲ್ಲಿ ತೆಗೆದ ಮಸುಕು ಫೋಟೋ. ಈ ಸಲ ಸುಚಿತ್ರಾ ಹಟ ಹಿಡಿದು ಒಂದೇ ನಮೂನೆ ಮಾಡಿದಳು. ಸಂಪರ್ಕಕ್ಕೊಂದು ಸಾಲು, ವೇಳೆ, ಕರೆಹೆಸರು, ಕೊಟ್ಟ ಸಂಖ್ಯೆ, ಪಡೆದ ಸಂಖ್ಯೆ ಇದೇ ಕ್ರಮದಲ್ಲಿ ಟೈಪಾಗಿ ಬರಬೇಕು. ಜಿಲ್ಲೆಯವರ ಲಾಗುಗಳನ್ನು ಕಂಪ್ಯೂಟರು ಎದುರುಬದುರು ನಿಲ್ಲಿಸಿ ಮೊದಲು ಕರೆಹೆಸರುಗಳನ್ನಷ್ಟೇ ತಾಳೆ ನೋಡಿತು. ಆರು ಸಲ ಗೆದ್ದಿದ್ದ ರಾಣೇಬೆನ್ನೂರಿನ ಟಿವಿ ರಿಪೇರಿ ಕುತುಬುದ್ದೀನ, ಲೈನ್‌ಮನ್ ಕೆಲಸದಿಂದ ನಿವೃತ್ತನಾಗಿ ಹೊಲ ನೋಡಿಕೊಂಡಿದ್ದ ಮೇಡ್ಲೇರಿಯ ಕನಕಪ್ಪ, ಇಬ್ಬರ ಲಾಗಿನಲ್ಲೂ ಮೂರು ಕರೆಹೆಸರು ತಪ್ಪಿದ್ದವು. ಅದೇ ಮೂರು, ಅದೇ ಅಕ್ಷರ.

ಒಂದು ತಪ್ಪಾದರೆ ಕಿವಿಯದು ಎನ್ನಬಹುದು. ಮೂರೂ ಒಂದೇ ಥರ ಆದರೆ ಅದು ಕಣ್ಣಿನ ಕೆಲಸ.

ಕರೆಹೆಸರು ತಪ್ಪಾಗಿದ್ದ ಆ ಮೂವರಲ್ಲಿ ಒಬ್ಬ ಬ್ಯಾಡಗಿಯ ಸರ್ಫರಾಜ, ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೂಕದ ಯಂತ್ರ ರಿಪೇರಿ ಮಾಡುವವ. ಸುಚಿತ್ರಾ ಘಾಟಿಗೆ ಸೆರಗು ಮೂಗಿಗೊತ್ತಿಕೊಂಡು ಅವನನ್ನು ಹುಡುಕಿದಳು. ಕನಕಪ್ಪ ನಿಜಕ್ಕೂ ಮಾತಾಡಿದ್ದನೆಂದೂ, ತನಗೆ ಹತ್ತೊಂಬತ್ತು ಎಂಬ ಸಂಖ್ಯೆ ಕೊಟ್ಟನೆಂದೂ ಅವನು ಹೇಳಿದ. ಕನಕಪ್ಪನ ಲಾಗಿನಲ್ಲಿ ಆ ಸಾಲಿಗಿದ್ದದ್ದು ಹದಿನಾಲ್ಕು. ಅದಕ್ಕೂ ಮುಂಚಿನ ಐದು ಸಾಲು ಎಲ್ಲಿ ಹೋದವು?

ಅವಳು ನೇರ ರಾಣೇಬೆನ್ನೂರಿಗೆ ಹೋದಳು. ಕನಕಪ್ಪನಿಗೆ ಕಂಪ್ಯೂಟರು ಬರುವುದಿಲ್ಲ, ಅವನ ಲಾಗನ್ನು ತಾನೇ ಟೈಪ್ ಮಾಡಿದೆ ಎಂದು ಕುತುಬುದ್ದೀನ ಒಪ್ಪಿಕೊಂಡ. ಕರೆಹೆಸರುಗಳನ್ನು ತನ್ನ ಪಟ್ಟಿಯಿಂದಲೇ ಎತ್ತಿ ಹಾಕಿದ್ದನಂತೆ, ಹಾಗಾಗಿ ತಪ್ಪೂ ಜೊತೆಗೆ ಹೋಗಿತ್ತು. ಐದು ಸಾಲಿನ ಮಾತು ಬಂದಾಗ ಮಾತ್ರ ಸ್ಕ್ರೂಡ್ರೈವರ್ ಹುಡುಕತೊಡಗಿದ.

ಮೇಡ್ಲೇರಿಗೆ ಹೋಗುತ್ತೇನೆಂದಳು. ಅವಳ ಬಸ್ಸಿನ ಹಿಂದೆಯೇ ಅವನ ಸ್ಕೂಟರೂ ಬಂತು. ಕನಕಪ್ಪನಿಗೆ ಮೊದಲೇ ಫೋನಿನಲ್ಲಿ ಏನಾದರೂ ಹೇಳಿಕೊಟ್ಟನೋ ಎಂದು ಅವಳಿಗೆ ದಾರಿಯುದ್ದಕ್ಕೂ ಅನುಮಾನ.

ಆದರೆ ಕನಕಪ್ಪ ಏನನ್ನೂ ಅರಿಯದವನಂತೆ ಚಹಾ ಕೊಟ್ಟು ನೋಟ್‌ಬುಕ್ಕು ತಂದಿಟ್ಟ. ಪೆನ್ಸಿಲಿನ ದುಂಡಗಿನ ಅಕ್ಷರ. ಸರ್ಫರಾಜನ ಕರೆಹೆಸರು ಸರಿಯಾಗಿತ್ತು, ಸಂಖ್ಯೆ ಹತ್ತೊಂಬತ್ತು. ಒಟ್ಟು ನಲವತ್ಮೂರು ಸಂಪರ್ಕ. ಟೈಪಾಗಿ ಬಂದದ್ದು ಮೂವತ್ತೆಂಟು. ಕುತುಬುದ್ದೀನನದು ನಲವತ್ತೊಂದು. ಆ ಐದು ಇದ್ದಿದ್ದರೆ ಗೆಲ್ಲುವವನು ಕನಕಪ್ಪ.

"ಈ ಐದ ಸಾಲ ಯಾಕ ತಗದ್ರಿ, ಸಾಹೇಬ್ರ?" ಎಂದಳು ಸುಚಿತ್ರಾ.

ಕುತುಬುದ್ದೀನ ಅಂಗಳದ ಆಂಟೆನಾದತ್ತ ಕೈ ಮಾಡಿದ. "ನನ್ನ ಆಂಟೆನಾ ಅರವತ್ತ ಫೂಟ ಐತ್ರಿ, ಮೇಡಂ. ಇವಂದು ಬಿದರಿನ ಗಳ. ನನಗ ಸಿಗಲಾರ್ದ ಮಂದಿ ಇವಂಗ ಹ್ಯಾಂಗ ಸಿಕ್ಕಾರು? ಸುಮ್ನ ಬರಕೊಂಡಾನ ಅಂತ ತಿಳದ್ನಿ. ನಿಮ್ಮ ಕಂಪ್ಯೂಟರಿಗೆ ಸಿಕ್ಕು ಇವನ ಮರ್ಯಾದಿ ಹೋಗಬಾರ್ದಂತ ತಗದ್ನಿ."

ಸುಚಿತ್ರಾ ಲ್ಯಾಪ್‌ಟಾಪ್ ತೆರೆದಳು. ಹೊರಜಿಲ್ಲೆಯವರ ಲಾಗುಗಳನ್ನು ಅವಳು ಇನ್ನೂ ತಾಳೆಗೆ ಹಾಕಿರಲಿಲ್ಲ. ಆ ಐವರೂ ತುಂಗಭದ್ರೆಯ ಆಚೆ ದಂಡೆಯವರು; ಐವರ ಲಾಗಿನಲ್ಲೂ ಕನಕಪ್ಪ ಇದ್ದ, ಸಂಖ್ಯೆ ಸಮೇತ. ಮನೆಯ ಮುಂದೆ ಬಯಲು, ಬಯಲಿನಾಚೆ ಹೊಳೆ; ರೇಡಿಯೋ ಅಲೆಗೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ.

"ನನ್ನ ಒಂದ ಮಾತ ಕೇಳಬೇಕಿತ್ತಲ್ಲೋ, ಕುತುಬು," ಎಂದ ಕನಕಪ್ಪ. ಅಷ್ಟೇ.

ಸುಚಿತ್ರಾ ಅಲ್ಲಿಯೇ ಕುಳಿತು ನೋಟ್‌ಬುಕ್ಕನ್ನು ಸಾಲು ಸಾಲಾಗಿ ಟೈಪ್ ಮಾಡಿದಳು. ಕನಕಪ್ಪ ಮೊದಲಿಗನಾದ. ಕುತುಬುದ್ದೀನನ ಮೂರು ತಪ್ಪು ಸಾಲುಗಳು ಲೆಕ್ಕದಿಂದ ಹೋದವು. ಸ್ಪರ್ಧೆಯಲ್ಲಿರುವವರು ಇನ್ನೊಬ್ಬರ ಲಾಗ್ ಟೈಪ್ ಮಾಡಕೂಡದು, ಕಂಪ್ಯೂಟರ್ ಇಲ್ಲದವರ ನೋಟ್‌ಬುಕ್ಕನ್ನು ಬಳಗವೇ ನಮೂನೆಗೆ ಇಳಿಸಬೇಕು ಎಂದು ಹೊಸ ನಿಯಮ ಬರೆದಳು. ಹಾವೇರಿಯ ಸಭೆಯಲ್ಲಿ ಅದಕ್ಕೆ ಮೊದಲು ಸಹಿ ಹಾಕಿದವನು ಕುತುಬುದ್ದೀನನೇ.

ಅವನು ಹೇಳಿದ್ದು ಖರೆಯೋ, ಆ ಹೊತ್ತಿಗೆ ಹೊಳೆದ ನೆಪವೋ, ಸುಚಿತ್ರಾಗೆ ತಿಳಿಯಲಿಲ್ಲ. ಕನಕಪ್ಪನನ್ನು ಕೇಳಬಹುದಿತ್ತು. ಅವನು ಗೆಳೆಯನ ಸ್ಕೂಟರಿನ ಹಿಂದೆ ಕುಳಿತು ಸಭೆಗೆ ಬಂದಿದ್ದನ್ನು ನೋಡಿ, ಬೇಡವೆಂದು ಸುಮ್ಮನಾದಳು.