ಷಡ್ಡಕನ ಕಾರಿನ ಗುಲಾಬಿ ಕೂಲೆಂಟ್

ಕಾರು ಬಿಸಿಯಾಗುವುದಕ್ಕೆ ನೂರು ಕಾರಣ ಇರಬಹುದು. ಚನ್ನಪಟ್ಟಣದ ದಾಸಪ್ಪನ ಕಾರು ಬಿಸಿಯಾಗಿದ್ದು ಮಾತ್ರ ಹೊಟ್ಟೆಕಿಚ್ಚಿನಿಂದ.

ದಾಸಪ್ಪ ಮರದ ಬೊಂಬೆ ಮಾಡಿ ಅರಗಿನ ಬಣ್ಣ ಹಚ್ಚುವವನು. ಅವನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ ಅಂಕಯ್ಯ, ಕನಕಪುರದಲ್ಲಿ ಅಂಗಡಿ ಇಟ್ಟಿದ್ದಾನೆ. ದಾಸಪ್ಪ ಹಳೇ ಕಾರು ಕೊಂಡ ಮೂರೇ ತಿಂಗಳಿಗೆ ಅಂಕಯ್ಯ ಹೊಸದನ್ನೇ ತಂದ. ಅಂದಿನಿಂದ ದೊಡ್ಡಆಲಹಳ್ಳಿಯ ಅತ್ತೆ ದೊಡ್ಡಲಕ್ಷ್ಮಮ್ಮನ ಬಾಯಲ್ಲಿ ಒಂದೇ ಮಾತು. “ಚಿಕ್ಕ ಅಳಿಯನ ಕಾರು ಹೆಂಗೈತೆ ಅಂತೀಯಾ! ಕುಂತ್ರೆ ಏಳೋ ಮನ್ಸೇ ಆಗಾಕಿಲ್ಲ.” ಕೇಳಿದಾಗಲೆಲ್ಲ ದಾಸಪ್ಪನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಒಂದು ಭಾನುವಾರ ಅಂಕಯ್ಯ ತನ್ನ ಕಾರಿನ ಬಾನೆಟ್ ಎತ್ತಿ ತೋರಿಸಿದ. ಒಳಗಿನ ಬಿಳಿ ಡಬ್ಬಿಯಲ್ಲಿ ಗುಲಾಬಿ ಬಣ್ಣದ ಕೂಲೆಂಟ್. ಇಂಜಿನ್ ವಿಪರೀತ ಕಾಯದಂತೆ ನೋಡಿಕೊಳ್ಳುವ ದ್ರವ ಅದು. ದಾಸಪ್ಪನ ಕಾರಿನಲ್ಲಿದ್ದದ್ದು ಹಸಿರು. ಇವನಿಗೆ ಇರುವುದು ನನಗೇಕೆ ಇರಬಾರದು ಅನ್ನಿಸಿತು. ಮಾರನೆಯ ದಿನವೇ ಅಂಥದ್ದೇ ಗುಲಾಬಿ ಕೂಲೆಂಟ್ ತಂದು, ಹಸಿರು ಕಮ್ಮಿಯಾಗಿದ್ದಷ್ಟು ಅದರ ಮೇಲೇ ಸುರಿದ.

“ಯಾರನ್ನಾರ ಒಂದ್ಮಾತು ಕೇಳಬಾರ್ದಾ?” ಎಂದಳು ಹೆಂಡತಿ ವರಲಕ್ಷ್ಮಮ್ಮ.

“ಮೂವತ್ತು ವರ್ಸದಿಂದ ಅರಗಿಗೆ ಬಣ್ಣ ಬೆರೆಸ್ತಾ ಇವ್ನಿ. ಬಣ್ಣದ ವಿಷ್ಯ ನಂಗೇ ಹೇಳ್ಕೊಡ್ತೀಯಾ?”

ಎರಡು ತಿಂಗಳಾಯಿತು. ಅತ್ತೆಯ ಕಣ್ಣಿನ ಪೊರೆ ತೆಗೆಯಲು ರಾಮನಗರದ ಆಸ್ಪತ್ರೆಯಲ್ಲಿ ದಿನ ಸಿಕ್ಕಿತು. ಹತ್ತು ಗಂಟೆಯೊಳಗೆ ಅಲ್ಲಿರಬೇಕು. ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. “ನಾನೇ ಕರ್ಕೊಂಡೋಯ್ತೀನಿ ಬುಡಿ ಅಣ್ಣ” ಎಂದ ಅಂಕಯ್ಯ. ದಾಸಪ್ಪ ಬಿಡುತ್ತಾನೆಯೇ? ಈ ಸಲವಾದರೂ ಅತ್ತೆ ತನ್ನ ಕಾರಿನಲ್ಲಿ ಕೂರಬೇಕು, ಊರವರ ಮುಂದೆ ತನ್ನ ಹೆಸರು ಹೇಳಬೇಕು.

ಆ ದಿನ ಬೆಳಿಗ್ಗೆ ದೊಡ್ಡಆಲಹಳ್ಳಿಗೆ ಹೋಗಿ ಅತ್ತೆಯನ್ನು ಕೂರಿಸಿಕೊಂಡು ಹೊರಟ. ಕನಕಪುರ ದಾಟಿ ನಾಲ್ಕು ಕಿಲೋಮೀಟರ್ ಹೋಗಿರಲಿಲ್ಲ, ಇಂಜಿನ್ ಶಾಖ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ ಸಂದಿಯಿಂದ ಹಬೆ ಎದ್ದಿತು. ದಾಸಪ್ಪ ಕಾರು ನಿಲ್ಲಿಸಿ, ಕೈಗೆ ಟವೆಲ್ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳ ಹಿಡಿದ.

“ಅಳೀಮಯ್ಯಾ, ಕೈ ತೆಗೀರಿ!” ಅತ್ತೆ ಒಳಗಿಂದಲೇ ಕೂಗಿದಳು. “ಬುಸ್ ಅಂತಿರೋದು ಕೇಳಾಕಿಲ್ವಾ? ಕುಕ್ಕರ್ ಮುಚ್ಚಳಾನ ಹಿಂಗೇ ತೆಗೀತೀರಾ?”

ಕೈ ಹಿಂದಕ್ಕೆ ಬಂತು. ಗಂಟೆ ಒಂಬತ್ತಾಗಿತ್ತು.

“ಅಂಕಯ್ಯಂಗೆ ಫೋನ್ ಮಾಡಿ” ಎಂದಳು ಅತ್ತೆ.

ದಾಸಪ್ಪ ಕೇಳಿಸದವನಂತೆ ಒಂದು ಆಟೋಗೆ ಕೈ ಅಡ್ಡ ಹಾಕಿದ. ನಿಲ್ಲಲಿಲ್ಲ. ಇನ್ನೊಂದಕ್ಕೂ ಹಾಕಿದ. ಅದು ತುಂಬಿತ್ತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಲಾಗದೆ ದಾಸಪ್ಪ ಫೋನ್ ತೆಗೆದ.

ಅಂಕಯ್ಯ ಹದಿನೈದು ನಿಮಿಷದಲ್ಲಿ ಬಂದು, ಒಂದು ಕೊಂಕು ಮಾತೂ ಆಡದೆ ಅತ್ತೆಯನ್ನು ಕರೆದೊಯ್ದ. ಏನಾದರೂ ಆಡಿದ್ದರೆ ಚೆನ್ನಾಗಿತ್ತು, ಬಯ್ಯುವುದಕ್ಕೊಂದು ನೆಪವಾದರೂ ಸಿಗುತ್ತಿತ್ತು ಎಂದುಕೊಂಡ ದಾಸಪ್ಪ. ಆಪರೇಷನ್ ಸುಸೂತ್ರವಾಗಿ ಆಯಿತು.

ಇತ್ತ ದಾಸಪ್ಪ ಕರೆಸಿದ ಪರಿಚಯದ ಮೆಕ್ಯಾನಿಕ್ ನಿಯಾಜ್ ಬಂದು, ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾದು ಮುಚ್ಚಳ ತೆಗೆದ. ಒಳಗೆ ಕಂದು ಬಣ್ಣದ ಕೆಸರು.

“ಇದೇನು ದಾಸಪ್ಪಣ್ಣ, ಕೂಲೆಂಟಾ, ಅಂಬಲೀನಾ?”

“ನಮ್ ಷಡ್ಡಕ ಹಾಕಿದ್ದನ್ನೇ ಹಾಕಿವ್ನಿ. ಅವಂದು ಕೆಡ್ನಿಲ್ಲ, ನಂದ್ಯಾಕೆ ಕೆಟ್ಟೋಯ್ತು?”

“ಅದು ಅವರ ಕಾರಿಗೆ ಸರಿ. ನಿಮ್ ಕಾರಿಗೆ ಬೇರೆ ಥರದ್ದು. ಥರ ಬೇರೆಯಾದ್ರೆ ಕೆಲವು ಸೇರಾಕಿಲ್ಲ, ಹಿಂಗೆ ಕೆಸರಾಗಿ ಪೈಪ್ ಕಟ್ಬುಡ್ತವೆ. ಬಣ್ಣ ನಂಬ್ಬೇಡಿ. ಬಣ್ಣ ಕಂಪನಿಯೋರು ಹಾಕೋದು. ನೋಡಾಕೆ ಒಂದೇ ಥರ ಇದ್ರೂ ಒಳಗಿನ ಮಾಲು ಬೇರೆ ಇರ್ಬಹುದು.”

ದಾಸಪ್ಪನ ಮೂವತ್ತು ವರ್ಷದ ಬಣ್ಣದ ಜ್ಞಾನ ಅಲ್ಲೇ ಇಳಿದುಹೋಯಿತು. “ಮತ್ತೆ ಗೊತ್ತಾಗೋದೆಂಗೆ ನಿಯಾಜ್ ಭಾಯ್?”

ನಿಯಾಜ್ ಕಾರಿನ ಡ್ರಾಯರ್ ಎಳೆದು, ಕಾರಿನ ಜೊತೆ ಕಂಪನಿ ಕೊಟ್ಟಿದ್ದ ದೂಳು ಹಿಡಿದ ಪುಸ್ತಕ ತೆಗೆದ. “ಯಾವ ಥರದ್ದು, ಎಷ್ಟು ವರ್ಷಕ್ಕೆ ಬದಲಾಯಿಸ್ಬೇಕು, ಎಲ್ಲಾ ಇದ್ರಲ್ಲೈತೆ.”

“ಇಷ್ಟೆಲ್ಲ ತಾಪತ್ರಯ ಯಾಕೆ, ಬೋರ್ ನೀರೇ ಹುಯ್ದ್ರೆ?”

“ನೀರು ಕಾಯ್ಸೋ ಪಾತ್ರೆ ತಳ ನೋಡಿಲ್ವಾ? ಬಿಳೀ ಪದರ ಕಟ್ಟಿರುತ್ತೆ. ಇಲ್ಲೂ ಅಂಗೇ ಕಟ್ಟುತ್ತೆ. ಮೊದ್ಲೇ ನೀರು ಬೆರೆಸಿರೋ ರೆಡಿ ಕೂಲೆಂಟಾದ್ರೆ ಬೇರೆ ನೀರೇ ಬೇಡ. ಗಟ್ಟೀದಾದ್ರೆ ಡಿಸ್ಟಿಲ್ಡ್ ವಾಟರ್, ಅಂದ್ರೆ ಬ್ಯಾಟ್ರಿಗೆ ಹಾಕೋ ಶುದ್ಧ ನೀರು, ಡಬ್ಬಿ ಮೇಲೆ ಬರೆದಿರೋಷ್ಟು ಬೆರೆಸ್ಬೇಕು.”

ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ, ಕೆಸರನ್ನೆಲ್ಲ ಇಳಿಸಿ, ಒಳಗೆ ಚೆನ್ನಾಗಿ ತೊಳೆದು, ಪುಸ್ತಕದಲ್ಲಿದ್ದ ಕೂಲೆಂಟನ್ನೇ ತುಂಬಿದ ನಿಯಾಜ್. ಇಳಿಸಿದ್ದನ್ನು ದಾಸಪ್ಪ ಮೋರಿಗೆ ಚೆಲ್ಲಲು ಹೋದಾಗ ತಡೆದ. “ವಿಷ ಅದು. ರುಚಿ ಸಿಹಿ ಇರುತ್ತೆ. ನಾಯಿ, ಮಕ್ಕಳು ನೆಕ್ಕಿದ್ರೆ ಜೀವಕ್ಕೇ ಅಪಾಯ. ಮುಚ್ಚಳದ ಕ್ಯಾನಿಗೆ ಹುಯ್ದು ನಂಗೇ ಕೊಡಿ.”

ತಿಂಗಳು ಕಳೆದ ಮೇಲೆ ಅಂಕಯ್ಯ ಚನ್ನಪಟ್ಟಣಕ್ಕೆ ಬಂದ. “ಅಣ್ಣ, ನಿಮ್ ಕಾರು ಈಗ ಬೋ ಚೆಂದಾಗಿ ಓಡ್ತೈತಂತೆ, ಅತ್ತೇನೇ ಹೇಳಿದ್ರು. ನಂದ್ರಲ್ಲಿ ಕೂಲೆಂಟ್ ಒಸಿ ಇಳ್ದೈತೆ. ನೀವು ಹಾಕ್ಸಿದ್ದು ಯಾವ್ದು ಹೇಳಿ, ಅದನ್ನೇ ಹಾಕ್ಬುಡ್ತೀನಿ.”

ಹೆಸರು ಹೇಳಿದರೆ ಸಾಕಿತ್ತು. ಆ ಹೊಸ ಕಾರೂ ಒಂದು ದಿನ ರಸ್ತೆ ಬದಿಯಲ್ಲಿ ಹೊಗೆಯಾಡುತ್ತಿತ್ತು. ಹೆಸರು ದಾಸಪ್ಪನ ನಾಲಿಗೆಯ ತುದಿಗೆ ಬಂದೇ ಬಂತು. ಕಷ್ಟಪಟ್ಟು ನುಂಗಿಕೊಂಡ.

“ನನ್ ಕಾರು ನೋಡಬ್ಯಾಡ ಕಣಪ್ಪ. ನಿನ್ ಕಾರಿನ ಪುಸ್ತಕ ತೆಗಿ.”

ನೀವೂ ತೆಗೆಯಿರಿ, ಇವತ್ತೇ. ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಒಳಗಿನ ಡಬ್ಬಿಯ ಮೇಲಿರುವ ಕನಿಷ್ಠ, ಗರಿಷ್ಠ ಗೆರೆಗಳ ನಡುವೆ ಕೂಲೆಂಟ್ ಇದೆಯೇ ನೋಡಿ. ಹಿಂದೆ ಬದಲಾಯಿಸಿದ್ದು ಯಾವಾಗ ಎಂದು ನೆನಪಿಲ್ಲವೇ? ಪುಸ್ತಕ ಹಿಡಿದುಕೊಂಡೇ ಮೆಕ್ಯಾನಿಕ್ ಹತ್ತಿರ ಹೋಗಿ. ಪಕ್ಕದವರ ಕಾರು ಕಂಡು ಹೊಟ್ಟೆಕಿಚ್ಚಾದರೆ ಪಡಿ, ಯಾರೂ ಬೇಡ ಅನ್ನುವುದಿಲ್ಲ. ಅದನ್ನು ನಿಮ್ಮ ರೇಡಿಯೇಟರಿಗೆ ಮಾತ್ರ ಸುರಿಯಬೇಡಿ.