ಇಸಾಕನ ರಕ್ತಪಿಶಾಚಿ

ಖಾನಾಪುರ ತಾಲೂಕಿನಲ್ಲಿ ಇಸಾಕನಷ್ಟು ಜನರ ರಕ್ತ ತೆಗೆದವನು ಇನ್ನೊಬ್ಬನಿರಲಿಲ್ಲ. ಅವನು ಮಲೇರಿಯಾ ನೌಕರ. ಸೈಕಲ್ಲಿಗೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗುವುದು, ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಸವರಿಕೊಳ್ಳುವುದು, ಕಹಿ ಗುಳಿಗೆ ನುಂಗಿಸುವುದು, ಗೋಡೆಯ ಮೇಲೆ ತಾರೀಖು ಬರೆದು ಮುಂದಿನ ಮನೆಯ ಬಾಗಿಲು ಬಡಿಯುವುದು, ಇಷ್ಟೇ ಕೆಲಸ. ೧೯೭೮ರ ಸುಮಾರಿಗೆ ಜ್ವರವೂ ಜೋರಾಗಿತ್ತು, ಕೆಲಸವೂ ಜೋರಾಗಿತ್ತು.

ಆದರೆ ಅವನ ಮನಸ್ಸೆಲ್ಲ ಕಾದಂಬರಿಯಲ್ಲಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಲ್ಲಿದ್ದ ದೆವ್ವದ ಕಥೆಗಳನ್ನೆಲ್ಲ ಓದಿ ಮುಗಿಸಿದ್ದ. ಅವನ ತಕರಾರು ಒಂದೇ. ಈ ದೆವ್ವಗಳೆಲ್ಲ ಹಳ್ಳಿಯ ಹುಣಸೆಮರಕ್ಕೇ ಯಾಕೆ ಜೋತುಬೀಳಬೇಕು? ನಳದ ನೀರು, ಸಿಟಿ ಬಸ್ಸು, ಸಿನಿಮಾ ಥೇಟರು ಇರುವ ಬೆಳಗಾವಿಯಲ್ಲಿ ಒಂದು ಪಿಶಾಚಿ ಬಾಡಿಗೆ ಮನೆ ಹಿಡಿದು ಬಾಳಬಾರದೇ? ಯಾರೂ ಬರೆದಿಲ್ಲವಾದರೆ ತಾನೇ ಬರೆಯುವುದೆಂದು ನಿರ್ಧರಿಸಿ, ದೇಸೂರ ಸ್ಟೇಶನ್ನಿನ ಕಲ್ಲುಬೆಂಚಿನ ಮೇಲೆ ಬುತ್ತಿ ಉಂಡಾದ ಮೇಲೆ ದಿನಾ ಎರಡು ಪುಟ ಬರೆಯತೊಡಗಿದ.

ಮೊದಲ ಬರಹದಲ್ಲಿ ಪಿಶಾಚಿ ಒಬ್ಬ ಪರದೇಶದ ಸರದಾರ. ಹಡಗಿನಲ್ಲಿ ಗೋವೆಗೆ ಬಂದು, ಲೋಂಡಾದಲ್ಲಿ ರೈಲು ಬದಲಿಸಿ ಬೆಳಗಾವಿಗೆ ಇಳಿಯುತ್ತಾನೆ. ಮೈತುಂಬ ಕರಿಕೋಟು. ಬೆಳ್ಳುಳ್ಳಿಯ ವಾಸನೆ ಬಂದರೆ ಓಡಿಹೋಗುತ್ತಾನೆ. ಇಸಾಕ ಇದನ್ನು ಹೆಂಡತಿ ಗುಲಶನಳಿಗೆ ಬಾಯಲ್ಲಿ ಹೇಳಿದ. ಅವಳಿಗೆ ಕನ್ನಡ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಅವಳು ಕಲ್ಲಿನಲ್ಲಿ ಖಾರ ಅರೆಯುತ್ತಲೇ ದಖನಿಯಲ್ಲಿ ಕೇಳಿದಳು: "ಲಸನ ನೈ ಖಾತೆ ಸೋ ಘರ ಅಪನೆ ಗಾಂವ ಮೇ ಕಾಂ ಹೈ ಜೀ?"

ಬೆಳ್ಳುಳ್ಳಿ ತಿನ್ನದ ಮನೆ ಎಲ್ಲಿದೆ! ಬೆಳ್ಳುಳ್ಳಿ ಚಟ್ನಿಪುಡಿ ಇಲ್ಲದೆ ರೊಟ್ಟಿ ಮುರಿಯದ ಈ ಸೀಮೆಯಲ್ಲಿ ಪಿಶಾಚಿ ಉಪವಾಸ ಬಿದ್ದು ಸಾಯಬೇಕು. ಇಸಾಕ ವಾರವೆಲ್ಲ ತಲೆ ಕೆರೆದುಕೊಂಡು, ಕೊನೆಗೆ ಪಿಶಾಚಿಯನ್ನು ಕೊರಳಲ್ಲಿ ತುಳಸಿಮಾಲೆ ಹಾಕಿಕೊಂಡು ಪಂಢರಪುರಕ್ಕೆ ನಡೆದುಹೋಗುವ ಮಾಳಕರಿಗಳ ಬೆನ್ನಿಗೆ ಹಚ್ಚಿದ. ಅವರು ಬೆಳ್ಳುಳ್ಳಿ ಮುಟ್ಟುವುದಿಲ್ಲವಲ್ಲ.

ಹಸ್ತಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಬೆಳಗಾವಿಯ ಒಂದು ಓಣಿಯಲ್ಲಿದ್ದ ಛಾಪಖಾನೆಗೆ ಹೋದ. ಮಾಲಕ ದಿಗಂಬರ ಲಗ್ನಪತ್ರಿಕೆ, ಪಂಚಾಂಗಗಳ ನಡುವೆ ಆಗೊಂದು ಈಗೊಂದು ಕಾದಂಬರಿಯನ್ನೂ ಅಚ್ಚು ಹಾಕುತ್ತಿದ್ದ. ಅವನು ಚಹಾ ಕುಡಿಯುತ್ತ ಪುಟ ತಿರುವಿದ. ನಡುವೆ ಕುಳಿತಲ್ಲೇ ನೆಟ್ಟಗಾದ. ಅಂಗಿಯೊಳಗಿಂದ ತುಳಸಿಮಾಲೆ ಹೊರಗೆ ಎಳೆದು ತೋರಿಸಿದ.

"ಏನ್ರಿ ಇಸಾಕಭಾಯಿ, ಊರಾಗಿನ ಕಳ್ಳರು, ಸುಳ್ಳರು, ಕುಡುಕರು ಎಲ್ಲಾರೂ ಆರಾಮ ಇರ್ತಾರ, ಮಾಳಕರಿಗೋಳಷ್ಟ ಸಾಯಬೇಕೇನ್ರಿ?"

"ಹಂಗಲ್ರಿ ಸಾವಕಾರ್ರ, ಬಳ್ಳೊಳ್ಳಿ ಸಲುವಾಗಿ..."

"ಮತ್ತ ಇಂವಾ ಮೇ ತಿಂಗಳದಾಗ ಕರೀಕೋಟು ಯಾಕ ಹಾಕ್ಕೋತಾನ? ವಕೀಲ ಏನು? ನಿಮಗ ಗೊತ್ತಿರೂ ಮನಶ್ಯಾನ ಮ್ಯಾಲೆ ಬರೀರಿ. ಹಡಗಿನ್ಯಾಗ ಬಂದಾವನ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಮರುದಿನ ಮುಖ ಜೋಲು ಹಾಕಿಕೊಂಡು ಇಸಾಕ ಪಾರಿಶ್ವಾಡಕ್ಕೆ ಹೋದ. ಮೊದಲ ಮನೆಯೇ ಶಿವಬಸವ್ವನದು. ಆಕೆ ಜ್ವರದಿಂದ ಸುಡುವ ಕೈಯನ್ನು ಮುಂದೆ ಚಾಚಿ, ಎಂದಿನಂತೆ ಬೈಗುಳ ಶುರುಮಾಡಿದಳು.

"ಬಂದ ನೋಡವಾ ರಗತದಾಂವ. ನಗನಗತಾ ಬರತಿ, ಹೆಸರ ಕೇಳತಿ, ವಯಸ್ಸ ಕೇಳತಿ, ರಗತಾ ತಗೊಂಡ ಗ್ವಾಡಿಮ್ಯಾಲ ತಾರೀಖ ಬರದ ಹೊಕ್ಕಿ. ದೆವ್ವಾನರ ಇದಕ್ಕಿಂತ ಬ್ಯಾರೆ ಏನ ಮಾಡತೈತೋ ತಮ್ಮಾ?"

ಇಸಾಕ ಸೂಜಿ ಹಿಡಿದವನು ಹಿಡಿದಂತೆಯೇ ನಿಂತ. "ಆಯಿ, ಇನ್ನೊಮ್ಮೆ ಹೇಳ್ರಿ" ಎಂದ.

ನಾಲ್ಕು ತಿಂಗಳಲ್ಲಿ ಕಾದಂಬರಿಯನ್ನು ಹೊಸದಾಗಿ ಬರೆದ. ಈಗ ಪಿಶಾಚಿಗೆ ಕೋಟಿಲ್ಲ, ಖಾಕಿ ಅಂಗಿ. ಬೆಳಗಾವಿಯ ಓಣಿಗಳಲ್ಲಿ ಸೈಕಲ್ ಹೊಡೆಯುತ್ತ ಬರುತ್ತಾನೆ, ಬಾಗಿಲು ಬಡಿದು ಮನೆಮಂದಿಯ ಕ್ಷೇಮ ಕೇಳುತ್ತಾನೆ, ಹೆದರಬೇಡಿ ಎನ್ನುತ್ತಾನೆ, ಒಂದೇ ಹನಿ ಎನ್ನುತ್ತಾನೆ. ಬೆಳ್ಳುಳ್ಳಿಯ ಸುದ್ದಿಯನ್ನೇ ಕೈಬಿಟ್ಟ. ದಿಗಂಬರ ಒಂದೇ ಉಸಿರಿಗೆ ಓದಿ ಮುಗಿಸಿ, ತನ್ನ ಬೆರಳನ್ನೊಮ್ಮೆ ಒತ್ತಿ ನೋಡಿಕೊಂಡು, ಅಚ್ಚಿಗೆ ಹಾಕಿದ. ಆದರೆ ಮುಖಪುಟದ ಚಿತ್ರ ಬರೆಯುವವನಿಗೆ ಪಿಶಾಚಿಯ ಮಾದರಿ ಸಿಗದೆ, ಹಿಂಬದಿಗೆಂದು ಕೊಟ್ಟಿದ್ದ ಲೇಖಕನ ಫೋಟೋವನ್ನೇ ದೊಡ್ಡದು ಮಾಡಿ ಎರಡು ಕೋರೆಹಲ್ಲು ಬಿಡಿಸಿಬಿಟ್ಟಿದ್ದ.

"ಸಾವಕಾರ್ರ, ಇದು ನನ್ನ ಮಾರಿ!"

"ಹಲ್ಲು ನಿಮ್ಮವಲ್ಲಲಾ. ಯಾರಿಗೂ ಗುರ್ತ ಹತ್ತೂದಿಲ್ಲ ಬಿಡ್ರಿ."

ಗುರುತು ಹತ್ತಿತು. ಶಿವಬಸವ್ವನ ಸೊಸೆ ಸತ್ಯವ್ವ ಏಳನೆಯ ಇಯತ್ತೆ ಕಲಿತವಳು. ಬೆಳಗಾವಿಗೆ ಹೋದ ಗಂಡನಿಂದ ಪುಸ್ತಕ ತರಿಸಿಕೊಂಡು, ಮಧ್ಯಾಹ್ನ ಕಟ್ಟೆಯ ಮೇಲೆ ಓಣಿಯ ಹೆಂಗಸರಿಗೆಲ್ಲ ಓದಿ ಹೇಳಿದಳು. ಮುಂದಿನ ವಾರ ಇಸಾಕನ ಸೈಕಲ್ ಗಂಟೆ ಕೇಳಿದ್ದೇ ತಡ, ಓಣಿಯ ಬಾಗಿಲುಗಳು ಧಡಧಡ ಮುಚ್ಚಿಕೊಂಡವು. ಇಸಾಕ ಕಕ್ಕಾಬಿಕ್ಕಿಯಾಗಿ ನಿಂತ. ಮೊದಲು ಅವನಿಗೆ ಒಳಗೊಳಗೇ ಖುಷಿಯೂ ಆಯಿತೆನ್ನಿ. ತನ್ನ ಬರಹಕ್ಕೆ ಇಷ್ಟು ಶಕ್ತಿಯೇ! ಆದರೆ ಗಾಜಿನ ಪಟ್ಟಿಗಳು ಖಾಲಿಯೇ ವಾಪಸು ಬಂದವು.

ಖಾನಾಪುರದಲ್ಲಿ ಮೇಲಿನ ಸಾಹೇಬರಾದ ಲಕ್ಷ್ಮಪ್ಪ ಅವನನ್ನು ಕರೆಸಿ ಕೇಳಿದರು. "ಇಡೀ ಪಾರಿಶ್ವಾಡದಾಗ ಒಬ್ಬರಿಗೂ ಜ್ವರ ಇಲ್ಲೇನೋ?" ಮಾತು ಮುಗಿಯುವತನಕ ಎರಡೂ ಕೈಗಳನ್ನು ಕಿಸೆಯಲ್ಲೇ ಇಟ್ಟುಕೊಂಡಿದ್ದರು. ಅವರೂ ಓದಿದ್ದಾರೆಂದು ಇಸಾಕನಿಗೆ ತಿಳಿಯಿತು.

ಅಷ್ಟರಲ್ಲಿ ಸತ್ಯವ್ವನೇ ಜ್ವರದಿಂದ ಮಲಗಿದ್ದಾಳೆಂಬ ಸುದ್ದಿ ಬಂತು. ಇಸಾಕನಿಗೆ ಅನ್ನ ಇಳಿಯಲಿಲ್ಲ. ಗುಲಶನ ಎರಡು ದಿನ ನೋಡಿದಳು. ಮೂರನೆಯ ದಿನ ಬುರಖಾ ತೊಟ್ಟು, ನಾನೂ ಬರುತ್ತೇನೆಂದು ಹೊರಟು ನಿಂತಳು. ಬೇಡವೆಂದರೂ ಕೇಳಲಿಲ್ಲ. ಇಬ್ಬರೂ ಬಸ್ಸು ಹಿಡಿದು ಪಾರಿಶ್ವಾಡಕ್ಕೆ ಬಂದರು.

ಶಿವಬಸವ್ವನ ಬಾಗಿಲು ಮುಚ್ಚಿತ್ತು. ಒಳಗಿನಿಂದ ನರಳುವುದು ಕೇಳುತ್ತಿತ್ತು.

"ಆಯಿ, ಬಾಗಲಾ ತೆಗೀರಿ. ಹೆದರಬ್ಯಾಡ್ರಿ" ಎಂದ ಇಸಾಕ.

"ಎರಡನೇ ಅಧ್ಯಾಯ!" ಎಂದು ಸತ್ಯವ್ವ ಜ್ವರದಲ್ಲೇ ಒದರಿದಳು.

"ಒಂದ ಹನಿ ಸಾಕ್ರಿ. ಇರಿವಿ ಕಡದಂಗ ಆಗತೈತಿ, ಅಷ್ಟ."

"ಮೂರನೇದ್ದು! ಅತ್ತೀ, ತೆಗೀಬ್ಯಾಡ್ರಿ!"

"ನಿಮ್ಮ ಒಳ್ಳೇದಕ್ಕ ಬಂದೇನ್ರಿ ತಂಗಿ..."

"ಅದ ಮಾತ ಹೇಳೇ ಅಂವಾ ಪೋಸ್ಟಮಾಸ್ತರನ ಮಗಳನ್ನ ಕೊಂದಾನ!"

ಇಸಾಕ ಹತ್ತು ವರ್ಷ ನೌಕರಿಯಲ್ಲಿ ಕಲಿತ ಸಮಾಧಾನದ ಮಾತುಗಳನ್ನೆಲ್ಲ ಪಿಶಾಚಿಗೆ ಕೊಟ್ಟುಬಿಟ್ಟಿದ್ದ. ತನಗೆಂದು ಒಂದನ್ನೂ ಉಳಿಸಿಕೊಂಡಿರಲಿಲ್ಲ.

ಕಟ್ಟೆಯ ಮೇಲೆ ಕುಳಿತಿದ್ದ ಗುಲಶನಳ ತಾಳ್ಮೆ ಹರಿಯಿತು. ಎದ್ದು ನಿಂತು, ಇಡೀ ಓಣಿಗೆ ಕೇಳುವಂತೆ ಅಚ್ಚ ಕನ್ನಡದಲ್ಲಿ ಶುರುಮಾಡಿದಳು.

"ಇವರು ಪಿಶಾಚಿಯಂತ! ಹಲ್ಲಿ ಬಿದ್ರ ನನ್ನ ಎಬ್ಬಸ್ತಾರ ಈ ಪಿಶಾಚಿ! ಕೋಳಿ ಕೊಯ್ಯೂ ಮುಂದ ಕಣ್ಣ ಮುಚ್ಚಿಕೊಂಡ ಹಿತ್ತಲದಾಗ ನಿಲ್ಲತಾರ! ಮನಿ ಹಂಚು ಒಡದು ಎರಡ ಮಳಿಗಾಲಾ ಆತು, ಮ್ಯಾಲೆ ಹತ್ತಾಕ ಅಂಜತಾರ. ಸಂತಿಗೆ ಕಳಸಿದ್ರ ಕೊಳೆತ ಬದನಿಕಾಯಿ ತರ್ತಾರ. ಯಾಕ ತಂದ್ರಿ ಅಂದ್ರ, ಮುದುಕಿ ಪಾಪ ಅನ್ನಿಸ್ತು ಅಂತಾರ. ಮಂದಿ ರಗತಾ ಕುಡ್ಯಾವ್ರ ಮಾರಿ ಹಿಂಗ ಇರತೈತೇನ್ರಿ? ತಲಿ ಎತ್ತರಿ ಮ್ಯಾಲೆ, ತೋರಸರಿ!"

ಇಸಾಕ ತಲೆ ಎತ್ತಲಿಲ್ಲ. ಎದುರುಮನೆಯ ಕಿಟಕಿ ತೆರೆಯಿತು. ಬಾಜು ಮನೆಯ ಬಾಗಿಲು ಅರ್ಧ ತೆರೆಯಿತು. ಗುಲಶನ ಬದನೆಕಾಯಿಯಿಂದ ಅವನ ತಂಗಿಯ ಲಗ್ನದ ತನಕ ಬರುವಷ್ಟರಲ್ಲಿ ಅರ್ಧ ಓಣಿ ಹೊರಗೆ ಬಂದು ಸೆರಗು ಬಾಯಿಗಿಟ್ಟು ನಿಂತಿತ್ತು. ಕೊನೆಗೆ ಶಿವಬಸವ್ವನೇ ಚಿಲಕ ತೆಗೆದಳು.

"ಸಾಕ ಬಿಡ ಯವ್ವಾ, ಪಾಪ. ಹೆಂಡ್ತಿ ಕಡೆ ಇಷ್ಟ ಬೈಸಿಕೊಳ್ಳಾಂವ ಯಾರ ರಗತಾ ಕುಡದಾನು? ಬಾರೋ ತಮ್ಮಾ, ಒಳಗ ಬಾ."

ಸತ್ಯವ್ವ ಕಣ್ಣು ಬಿಗಿಯಾಗಿ ಮುಚ್ಚಿ ಬೆರಳು ಕೊಟ್ಟಳು. ಇಸಾಕ ಒಂದು ಮಾತೂ ಆಡದೆ ಸೂಜಿ ಚುಚ್ಚಿದ. ಆಮೇಲೆ ಓಣಿಯ ತುಂಬ ಬೆರಳುಗಳು. ತಂದ ಪಟ್ಟಿಗಳು ಸಾಲಲಿಲ್ಲ. ವಾಪಸು ಹೋಗುವಾಗ ಬಸ್ಸಿನಲ್ಲಿ ಗುಲಶನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ಆ ಪೋಸ್ಟಮಾಸ್ತರನ ಮಗಳದೇನು ಕಥೆ ಎಂದು ಮೆಲ್ಲಗೆ ಕೇಳಿದಳು. ಇಸಾಕ ಹೇಳುತ್ತ ಹೋದ. ಖಾನಾಪುರ ಬಂದಾಗ ಕಂಡಕ್ಟರ್ ಸಹಿತ ನಾಲ್ಕು ಸೀಟಿನವರು ತಿರುಗಿ ಕುಳಿತಿದ್ದರು.

ಸತ್ಯವ್ವನದು ಮಲೇರಿಯಾ ಜ್ವರವೇ ಆಗಿತ್ತು. ವರದಿ ಬಂದ ದಿನವೇ ಇಸಾಕ ಪೂರ್ತಿ ಗುಳಿಗೆ ತೆಗೆದುಕೊಂಡು ಓಡಿದ. ಹತ್ತು ದಿನ ಬಿಟ್ಟು ಹೋದಾಗ ಆಕೆ ಸೊರಗಿದ್ದರೂ ಕಟ್ಟೆಯ ಮೇಲೆ ಎದ್ದು ಕುಳಿತಿದ್ದಳು. ಪುಸ್ತಕ ಕೈಯಲ್ಲಿತ್ತು, ಎಷ್ಟೋ ಪುಟಗಳ ಮೂಲೆ ಮಡಿಚಿತ್ತು.

"ಕುಂದರ್ರಿ ಅಣ್ಣಾರ. ಕಡೀ ಅಧ್ಯಾಯ ಸರಿಯಿಲ್ಲ ನೋಡ್ರಿ. ಅಷ್ಟ ಶ್ಯಾಣ್ಯಾ ಪಿಶಾಚಿ ಪೊಲೀಸರ ಕೈಯಾಗ ಹಂಗ ಹೆಂಗ ಸಿಗತಾನ?"

ಇಸಾಕ ಸೈಕಲ್ಲನ್ನು ಗೋಡೆಗೆ ಆನಿಸಿ ಕುಳಿತ. ಹೇಗೆ ಸಿಗುತ್ತಾನೆಂದು ವಿವರಿಸಿದ. ಸತ್ಯವ್ವ ಒಪ್ಪಲಿಲ್ಲ. ಶಿವಬಸವ್ವನೂ ಒಪ್ಪಲಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರಿಕೊಂಡು ತಮ್ಮ ತಮ್ಮ ತಕರಾರು ಹೇಳತೊಡಗಿದರು. ನೋಡಬೇಕಾದ ಮನೆಗಳು ಇನ್ನೂ ಇಪ್ಪತ್ತಿದ್ದವು, ಬಿಸಿಲು ಏರುತ್ತಿತ್ತು. ಇಸಾಕ ಮಾತ್ರ ಅಲ್ಲಿಂದ ಏಳಲಿಲ್ಲ.